ಬೇವಿನ ನೆರಳು, ಎರಡು ಮುಳ್ಳು

ಕಲಬುರಗಿಯಲ್ಲಿ ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಎರಡು ಗಂಟೆಗೆ ನಾಯಿ ಕೂಡ ರಸ್ತೆ ದಾಟುವುದಿಲ್ಲ. ಸರ್ಕಾರವೇ ಈ ಬಿಸಿಲಿಗೆ ಸೋತು ಕೂತಿದೆ. ಏಪ್ರಿಲ್, ಮೇ ಬಂತೆಂದರೆ ಈ ಭಾಗದ ಕಚೇರಿಗಳು ಬೆಳಗ್ಗೆ ಎಂಟಕ್ಕೆ ಬಾಗಿಲು ತೆರೆದು ಒಂದೂವರೆಗೆ ಮುಚ್ಚುತ್ತವೆ. ಹಾಗೆ ಮುಚ್ಚಿದ ಒಂದು ಕಚೇರಿಯಿಂದ ಹೊರಬಿದ್ದ ನಾನು ಮನೆಗೆ ಹೋಗಿ ರೊಟ್ಟಿ ಉಂಡು ಅಡ್ಡಾಗುವುದು ಬಿಟ್ಟು, ರಿಂಗ್ ರೋಡಿನ ಅಂಚಿನಲ್ಲಿ ಬೇವಿನ ಮರವೊಂದರ ಕೆಳಗೆ ಕಾರು ನಿಲ್ಲಿಸಿ ಇಳಿದೆ. ಫೋನು 42 ಡಿಗ್ರಿ ತೋರಿಸುತ್ತಿತ್ತು. ಸ್ಟೇರಿಂಗು ಹಂಚಿನಂತೆ ಕಾದಿದ್ದರಿಂದ ದಾರಿಯುದ್ದಕ್ಕೂ ಕರವಸ್ತ್ರ ಸುತ್ತಿ ಹಿಡಿದುಕೊಂಡು ಬಂದಿದ್ದೆ.

ಆ ಮರದ ಕೆಳಗಿನ ಕಾರ್ ಏಸಿ ವರ್ಕ್‌ಶಾಪಿಗೆ ಗೋಡೆಗಳಿಲ್ಲ. ನಾಲ್ಕು ಕಬ್ಬಿಣದ ಕಂಬ, ಮೇಲೆ ತಗಡು, ತಗಡಿನ ಮೇಲೆ ನೀರು ಚಿಮುಕಿಸಿದ ಗೋಣಿಚೀಲಗಳು, ಅದೆಲ್ಲದರ ಮೇಲೆ ಬೇವಿನ ಕೊಂಬೆಗಳು. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಎಣ್ಣೆ ಕುಡಿದು ಕಪ್ಪಾಗಿದೆ. ಒಂದು ಮೂಲೆಯಲ್ಲಿ ಸತ್ತ ಕಂಪ್ರೆಸರ್‌ಗಳ ರಾಶಿ. ಇನ್ನೊಂದು ಮೂಲೆಯಲ್ಲಿ ಯಾವುದೋ ಫ್ರಿಜ್ಜಿನ ಹೊಟ್ಟೆಯಿಂದ ಕಿತ್ತು ತಂದ ಮೋಟಾರೊಂದು ಮರದ ಹಲಗೆಯ ಮೇಲೆ ಕೂತಿದೆ, ವ್ಯಾಕ್ಯೂಮ್ ಎಳೆಯುವುದು ಈಗ ಅದರ ಉದ್ಯೋಗ. ಕಂಬಕ್ಕೆ ತೂಗುಹಾಕಿದ ಬೋರ್ಡಿನಲ್ಲಿ ಒಂದು ಪೆಂಗ್ವಿನ್ ಚಿತ್ರ. ಎಷ್ಟು ಬೇಸಿಗೆ ಕಂಡಿತ್ತೋ, ಅದರ ಬಿಳಿ ಹೊಟ್ಟೆ ಚಹಾದ ಬಣ್ಣಕ್ಕೆ ತಿರುಗಿತ್ತು.

ವರ್ಕ್‌ಶಾಪಿನ ಒಡೆಯರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಾರೆ. ಅರವತ್ತರ ಆಸುಪಾಸು. ಹೈದರಾಬಾದಿನಲ್ಲಿ ಕೆಲಸ ಕಲಿತು, ಹನ್ನೆರಡು ವರ್ಷ ಸೌದಿಯಲ್ಲಿ ದುಡಿದು ಬಂದವರು. ತಲೆಯ ಮೇಲೆ ಒದ್ದೆ ಟವೆಲು, ದಾರ ಕಟ್ಟಿದ ಕನ್ನಡಕ. ನನ್ನ ಕಾರಿನತ್ತ ಬರುವ ಮೊದಲು ಅವರು ಕೈಯಲ್ಲಿದ್ದ ಚಹಾ ಮುಗಿಸಿದರು. ಅವಸರವೇನೂ ಇರಲಿಲ್ಲ.

“ಏನ್ ಆಗ್ಯದ್ರಿ ಸರ?”

“ಗ್ಯಾಸ್ ಹೋಗ್ಯದ ಅನಸ್ತದ ಉಸ್ತಾದ್.”

“ಗ್ಯಾಸ್ ಹೋಗ್ಯದ ಅಂತ ನೀವ್ ಹೇಳ್ಲತ್ತೀರಿ. ಗಾಡಿ ಏನ್ ಹೇಳ್ತದ ನೋಡಮ್ರಿ. ಓಡುವಾಗ ತಣ್ಣಗ ಬರ್ತದೇನು?”

“ಸೇಡಂ ರೋಡಿಗೆ ಹೋದ್ರ ಛಲೋ ಬರ್ತದ್ರಿ.”

“ನಿಂತ್ರ?”

“ರೈಲ್ವೆ ಗೇಟಿಗೆ ನಿಂತ್ರ ಐದು ನಿಮಿಷದಾಗ ಬಿಸಿ ಗಾಳಿ.”

“ಗೇಟ್ ತೆಗೆದ ಮ್ಯಾಲ?”

“ಎರಡು ಕಿಲೋಮೀಟರ್ ಹೋಗೂದ್ರಾಗ ಮತ್ತ ತಣ್ಣಗ.”

ಉಸ್ತಾದ್ ಪಕ್ಕದ ಹುಡುಗನತ್ತ ನೋಡಿದರು. ಹುಡುಗ ನಕ್ಕ. ರೋಗದ ಅರ್ಧ ಹೆಸರನ್ನು ನಾನೇ ಹೇಳಿಬಿಟ್ಟಿದ್ದೆನೆಂಬುದು ಆಗ ನನಗೆ ತಿಳಿಯಲಿಲ್ಲ.

ಗ್ಯಾಸ್ ಎಂಬ ಮಾತಿಗೆ ನನ್ನ ಬಳಿ ಸಾಕ್ಷಿಯಿತ್ತು. ಮಾರ್ಚಿನಲ್ಲಿ ಒಂದು ಕಡೆ, ಯುಗಾದಿ ಕಳೆದ ಮೇಲೆ ಇನ್ನೊಂದು ಕಡೆ, ಎರಡು ಸಲ ಗ್ಯಾಸ್ ತುಂಬಿಸಿ ದುಡ್ಡು ಕೊಟ್ಟು ಬಂದಿದ್ದೆ. ಎರಡೂ ಕಡೆ ನೋಡಿದ್ದು ಎರಡು ನಿಮಿಷ, ತುಂಬಿದ್ದು ಐದು ನಿಮಿಷ. ಹಳೆಯ ಕಾಲದಲ್ಲಿ ತಲೆನೋವು, ಹೊಟ್ಟೆನೋವು, ಮುನಿಸು ಎಲ್ಲಕ್ಕೂ ಪಿತ್ತವೇ ಕಾರಣವಾಗಿತ್ತು. ಕಾರಿನ ಏಸಿಗೆ ಈಗ ಗ್ಯಾಸು. ಏಸಿಯೊಳಗಿನ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ಪದಾರ್ಥವಲ್ಲವೆಂದು ಗೊತ್ತಿದ್ದೂ ನಾನು ಎರಡು ಸಲ ಪರ್ಸು ತೆಗೆದೆ. ಹಳೆಯ ಗಾಡಿಯ ರಬ್ಬರ್ ಪೈಪುಗಳಲ್ಲಿ, ಕಂಪ್ರೆಸರಿನ ಸೀಲಿನಲ್ಲಿ ವರ್ಷಕ್ಕೆ ಒಂದಿಷ್ಟು ಜಿನುಗುವುದುಂಟು. ಆದರೆ ಒಂದೇ ತಿಂಗಳಲ್ಲಿ ಎರಡು ಸಲ ಖಾಲಿಯಾಗುವಂಥ ತೂತಿದ್ದರೆ ಆ ತೂತನ್ನು ಹುಡುಕಬೇಕಿತ್ತು. ಯಾರೂ ಹುಡುಕಲಿಲ್ಲ. ಹುಡುಕಿ ಎಂದು ನಾನೂ ಕೇಳಲಿಲ್ಲ.

ಹುಡುಗ ಬಾನೆಟ್ ಎತ್ತಿದ. ಕಾರು ನೆರಳಿನಲ್ಲಿ ಅರ್ಧ ಗಂಟೆ ಆರಿದ ಮೇಲೆ ಉಸ್ತಾದ್ ಗೇಜು ತಂದರು. ಪಕ್ಕಪಕ್ಕದಲ್ಲಿ ಎರಡು ಗಡಿಯಾರ, ಒಂದು ನೀಲಿ, ಒಂದು ಕೆಂಪು. ಅವುಗಳಿಂದ ಅದೇ ಬಣ್ಣದ ಎರಡು ಪೈಪು, ನಡುವೆ ಹಳದಿಯದೊಂದು. ನೀಲಿಯನ್ನು ಕಡಿಮೆ ಒತ್ತಡದ ಬದಿಗೆ, ಕೆಂಪನ್ನು ಹೆಚ್ಚು ಒತ್ತಡದ ಬದಿಗೆ ಚುಚ್ಚಿದರು. ಎರಡೂ ಮುಳ್ಳುಗಳು ಎದ್ದು 140ರ ಆಚೀಚೆ ನಿಂತವು.

“ನೋಡ್ರಿ, ಗ್ಯಾಸ್ ಅದ,” ಎಂದೆ ನಾನೇ, ಓದಿದವನ ಗತ್ತಿನಲ್ಲಿ.

“ಅದ. ಎಷ್ಟದ?”

ಉತ್ತರವಿರಲಿಲ್ಲ. ಉಸ್ತಾದ್ ಅಡುಗೆಮನೆಯ ಸಿಲಿಂಡರ್ ನೆನಪಿಸಿದರು. ಸಿಲಿಂಡರ್ ತುಂಬಿರಲಿ, ಕಾಲುಭಾಗ ಇರಲಿ, ಒಲೆ ಒಂದೇ ಸಮ ಉರಿಯುತ್ತದೆ. ಒಳಗೆ ಒಂದು ಲೋಟ ದ್ರವ ಉಳಿದಿರುವವರೆಗೂ ಒತ್ತಡವನ್ನು ನಿರ್ಧರಿಸುವುದು ಅಂದಿನ ಬಿಸಿ. ಎಷ್ಟಿದೆಯೆಂದು ತಿಳಿಯಲು ಎತ್ತಿ ನೋಡಬೇಕು, ತೂಗಬೇಕು. ನಿಂತ ಗಾಡಿಯ ಗೇಜು ಕೂಡ ಹಾಗೆಯೇ: ಅದು ಹೇಳುತ್ತಿದ್ದದ್ದು ಕಲಬುರಗಿಯಲ್ಲಿ ಆಗ 42 ಡಿಗ್ರಿ ಎಂಬ ಸುದ್ದಿಯನ್ನು ಮಾತ್ರ. ಮಾರ್ಚಿನಲ್ಲಿ ಇಂಥದೇ ಮುಳ್ಳನ್ನು ನೋಡಿ ಒಬ್ಬರು ‘ಕಡಿಮೆ ಆಗಿದೆ’ ಎಂದಿದ್ದರು. ಆ ದಿನ ಬೆಳಗ್ಗೆ ತುಸು ತಂಪಿತ್ತು, ಅಷ್ಟೇ.

“ಚಾಲೂ ಮಾಡ್ರಿ. ಏಸಿ ಹಾಕ್ರಿ, ಬ್ಲೋವರ್ ಪೂರ್ತಿ ಇಡ್ರಿ, ಎಲ್ಲಾ ಬಾಗಲ ತೆಗೀರಿ.”

ಟಕ್. ಕಂಪ್ರೆಸರಿನ ಕ್ಲಚ್ಚು ಹಿಡಿದ ಸದ್ದು. ಈ ಸದ್ದಿಗೊಂದು ಚರಿತ್ರೆಯಿದೆ. ಕಾರ್ಖಾನೆಯಲ್ಲೇ ಏಸಿ ಕೂರಿಸಿದ ಮೊದಲ ಕಾರುಗಳೆಂದು ಹೆಸರಾದ, ಅಮೆರಿಕದ 1940ರ ಪ್ಯಾಕಾರ್ಡ್ ಗಾಡಿಗಳಲ್ಲಿ ಈ ಕ್ಲಚ್ಚೇ ಇರಲಿಲ್ಲ. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು, ಕಂಪ್ರೆಸರಿನ ಬೆಲ್ಟನ್ನು ಕಳಚಿಡಬೇಕಿತ್ತು. ಉಸ್ತಾದರಿಗೆ ಇದನ್ನು ಹೇಳಿದಾಗ ಅವರು ತಲೆಯಾಡಿಸಿ, ಸೌದಿಯಲ್ಲಿ ಸಾಕೆನ್ನುವವರೇ ಇರಲಿಲ್ಲ, ಆ ಬೆಲ್ಟನ್ನು ಯಾರೂ ಕಳಚುತ್ತಿರಲಿಲ್ಲ ಎಂದರು.

ಕ್ಲಚ್ಚು ಹಿಡಿಯುತ್ತಲೇ ಮುಳ್ಳುಗಳು ಬೇರೆಯಾದವು. ನೀಲಿ ಇಳಿಯಿತು, ಕೆಂಪು ಏರಿತು. ಕಂಪ್ರೆಸರ್ ಜೀವಂತವಾಗಿದೆ ಎಂಬುದಕ್ಕೆ ಇಷ್ಟು ಸಾಕು. ಅದು ಸತ್ತಿದ್ದರೆ ಎರಡೂ ಕದಲದೆ ಜೋಡಿಯಾಗಿ ನಿಲ್ಲುತ್ತವೆ. ನೀಲಿ 30ರ ಸುಮಾರಿಗೋ 40ಕ್ಕೋ ನಿಲ್ಲಬೇಕಾದದ್ದು 60ರಲ್ಲಿ ನಿಂತಿತು. ಕೆಂಪು ಮಾತ್ರ ನಿಲ್ಲಲಿಲ್ಲ. 250, 300, 340. ಕಾರಿನೊಳಗೆ ಕೈ ಚಾಚಿದೆ; ಗಾಳಿ ಆಗಲೇ ಬೆಚ್ಚಗಾಗುತ್ತಿತ್ತು. ಮುಳ್ಳು 400 ದಾಟಿತು. ಇನ್ನೂ ಸ್ವಲ್ಪ ಹೊತ್ತು. ಟಕ್. ಒತ್ತಡ ಮಿತಿ ಮೀರಿತೆಂದು ಸ್ವಿಚ್ಚು ತಾನಾಗಿಯೇ ಕಂಪ್ರೆಸರನ್ನು ನಿಲ್ಲಿಸಿತ್ತು. ರೈಲ್ವೆ ಗೇಟಿನಲ್ಲಿ ನಡೆಯುತ್ತಿದ್ದ ನಾಟಕ ಬೇವಿನ ಮರದ ಕೆಳಗೆ ಇದ್ದಂತೆಯೇ ನಡೆಯಿತು.

ಏಸಿ ಎಂದರೆ ತಂಪು ತಯಾರಿಸುವ ಯಂತ್ರ ಎಂದುಕೊಂಡರೆ ಈ ರೋಗ ಅರ್ಥವಾಗುವುದಿಲ್ಲ. ಅದು ಶಾಖ ಹೊರುವ ಹಮಾಲಿ. ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ದ್ರವ ಆವಿಯಾಗುತ್ತದೆ, ಆವಿಯಾಗುವಾಗ ನಮ್ಮ ಮೈಯ ಶಾಖವನ್ನು, ಸೀಟಿನ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹರವಿ ಬೆವರಿ ನೀರು ತಣ್ಣಗಾಗುವುದೂ ಹೀಗೆಯೇ. ಹರವಿಯ ನೀರು ಗಾಳಿಗೆ ಹೋಗಿಬಿಡುತ್ತದೆ. ಕಾರಿನಲ್ಲಿ ಅದೇ ಗ್ಯಾಸು ತಿರುಗಿ ಬರಬೇಕು. ಅದಕ್ಕೆ ಕಂಪ್ರೆಸರ್ ಅದನ್ನು ಹಿಂಡಿ, ಕಾಯಿಸಿ, ಗಾಡಿಯ ಮೂಗಿನ ಬಳಿಯ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಹೊರಗಿನ ಗಾಳಿಗೆ ಶಾಖವನ್ನು ಇಳಿಸಿ ಅದು ಮತ್ತೆ ದ್ರವವಾಗಬೇಕು. ನಮ್ಮ ಊರಿನ 42 ಡಿಗ್ರಿಯ ಗಾಳಿಗೆ ಶಾಖ ದಾಟಿಸಬೇಕಾದರೆ ಅದು 60 ದಾಟಿ ಕಾದಿರಬೇಕು. ಊಟಿಯ ಗಾಡಿಗೂ ಕಲಬುರಗಿಯ ಗಾಡಿಗೂ ಇರುವ ವ್ಯತ್ಯಾಸ ಇದು. ಹೊರೆ ಇಳಿಸುವ ಜಾಗದಲ್ಲಿ ಅಡ್ಡಿಯಾದರೆ ಹಮಾಲಿ ಹೊತ್ತ ಮೂಟೆಯೊಂದಿಗೆ ಅಲ್ಲೇ ನಿಲ್ಲುತ್ತಾನೆ, ಕೆಂಪು ಮುಳ್ಳು ಏರುತ್ತದೆ.

“ಬಕೀಟ್ ತಾ,” ಎಂದರು ಉಸ್ತಾದ್.

ಹುಡುಗ ಒಂದು ಮಗ್ಗು ನೀರನ್ನು ಗ್ರಿಲ್ಲಿನ ಮೂಲಕ ಕಂಡೆನ್ಸರಿನ ಮೇಲೆ ಎರಚಿದ. ಸುರ್ ಎಂದು ಹಬೆ ಎದ್ದಿತು. ಎರಡನೆಯ ಮಗ್ಗು, ಮೂರನೆಯದು. ಕೆಂಪು ಮುಳ್ಳು ಜಾರುಗುಪ್ಪೆಯ ಮೇಲಿನ ಮಗುವಿನಂತೆ ಸರ್ರನೆ ಇಳಿಯಿತು. ಕ್ಲಚ್ಚು ಮತ್ತೆ ಹಿಡಿಯಿತು, ಒಳಗೆ ತಣ್ಣನೆಯ ಗಾಳಿ! ನೀರು ಒಣಗುವವರೆಗೆ ಒಂದೆರಡು ನಿಮಿಷ ನನ್ನ ಕಾರು ಹೊಸದಾಗಿತ್ತು. ಆಮೇಲೆ ಮುಳ್ಳು ಮತ್ತೆ ಬೆಟ್ಟ ಹತ್ತತೊಡಗಿತು.

ಹಾಗಾದರೆ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ಧೂಳು ಕಟ್ಟಿದೆಯೇ? ಉಸ್ತಾದ್ ಬ್ಯಾಟರಿ ಹಿಡಿದು ನೋಡಿದರು. ಈ ಸೀಮೆಯ ಗಾಡಿಗಳಿಗೆ ಕಲ್ಲುಗಣಿಯ, ಸಿಮೆಂಟಿನ ಧೂಳು ಅಂಟುವುದು ಮಾಮೂಲು, ನನ್ನದಕ್ಕೆ ಅಷ್ಟೇನೂ ಇರಲಿಲ್ಲ. ಫ್ಯಾನು ನಿಂತಿದೆಯೇ? ನಾನು ಬಗ್ಗಿ ನೋಡಿದೆ. ಗರಗರ ತಿರುಗುತ್ತಿತ್ತು. ನನ್ನ ಬುದ್ಧಿ ಅಲ್ಲಿಗೆ ಮುಗಿಯಿತು.

ಉಸ್ತಾದ್ ಹಳೆಯ ಪೇಪರಿನ ಕಟ್ಟಿನಿಂದ ಒಂದು ಹಾಳೆ ಎಳೆದು, ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗ್ರಿಲ್ಲಿಗೆ ಒತ್ತಿ ಹಿಡಿದು ಕೈಬಿಟ್ಟರು. ಫ್ಯಾನು ಇರುವುದು ಕಂಡೆನ್ಸರಿನ ಹಿಂದೆ. ಅದು ಮುಂದಿನಿಂದ ಗಾಳಿ ಎಳೆಯಬೇಕು, ಹಾಳೆ ಗ್ರಿಲ್ಲಿಗೆ ಅಂಟಿಕೊಂಡು ನಿಲ್ಲಬೇಕು. ಹಾಳೆ ನಿಲ್ಲಲಿಲ್ಲ. ಯಾರೋ ತಳ್ಳಿದಂತೆ ಗ್ರಿಲ್ಲಿನಿಂದ ಎದ್ದು, ಅವರ ಗಡ್ಡ ಸವರಿ, ಶಹಾಬಾದ್ ಕಲ್ಲಿನ ಮೇಲೆ ಬಿತ್ತು.

“ಉಲ್ಟಾ,” ಎಂದ ಹುಡುಗ.

“ಉಲ್ಟಾ ತಿರಗ್ಲತ್ತದ. ಎಂಜಿನ್ನಿನ ಬಿಸಿ ಎಲ್ಲಾ ತಂದು ಕಂಡೆನ್ಸರಿಗೇ ಊದ್ಲತ್ತದ. ಸರ, ಈ ಫ್ಯಾನಿನ ಮೋಟಾರ್ ಯಾವಾಗ ಬದಲಿ ಮಾಡ್ಸೀರಿ?”

ಬದಲಿ ಮಾಡಿಸಿಲ್ಲ ಎನ್ನಲು ಬಾಯಿ ತೆರೆದವನಿಗೆ ಎಮ್ಮೆ ನೆನಪಾಯಿತು. ದೀಪಾವಳಿಯ ನಂತರದ ಒಂದು ಸಂಜೆ ಅಫಜಲಪುರ ರಸ್ತೆಯಲ್ಲಿ ಕತ್ತಲಿನಂಥ ಎಮ್ಮೆಯೊಂದು ಕತ್ತಲಿನಿಂದಲೇ ಹೊರಬಂದು ನನ್ನ ಬಂಪರಿಗೆ ಹಾಯ್ದು, ಏನೂ ಆಗದವರಂತೆ ನಡೆದುಹೋಗಿತ್ತು. ಎಮ್ಮೆಗೆ ನೋವಾಗಲಿಲ್ಲ. ನನ್ನ ಗಾಡಿಗೆ ಬಂಪರು, ಗ್ರಿಲ್ಲು, ಏಸಿ ಫ್ಯಾನು ಬದಲಾಗಿದ್ದವು. ಎಲ್ಲಿ ಮಾಡಿಸಿದೆ ಎಂಬುದು ಇಲ್ಲಿ ಬೇಡ. ಸೆಕೆಂಡ್ ಹ್ಯಾಂಡ್ ಮೋಟಾರು, ಅದರ ಪಿನ್ನು ನನ್ನ ಗಾಡಿಗೆ ಹೊಂದಿರಲಿಲ್ಲ. ತಂತಿ ಕತ್ತರಿಸಿ, ತಿರುಚಿ, ಕಪ್ಪು ಟೇಪು ಸುತ್ತಿದ್ದರು. ಉಸ್ತಾದ್ ಈಗ ಆ ಟೇಪನ್ನು ಬಿಚ್ಚಿದರು: ಕೆಂಪು ತಂತಿ ಕಪ್ಪಿಗೆ, ಕಪ್ಪು ಕೆಂಪಿಗೆ ಗಂಟುಬಿದ್ದಿತ್ತು. ಬ್ಯಾಟರಿಯ ಕರೆಂಟಿನಲ್ಲಿ ಓಡುವ ಮೋಟಾರಿಗೆ ಎರಡು ತಂತಿ ಅದಲುಬದಲಾದರೆ ಸಾಕು, ದಿಕ್ಕು ತಿರುಗುತ್ತದೆ. ನನ್ನ ಮಾದರಿಯಲ್ಲಿ ರೇಡಿಯೇಟರಿಗೆ ಬೇರೆ ಫ್ಯಾನು ಇರುವುದರಿಂದ ಎಂಜಿನ್ ಕಾಯಲಿಲ್ಲ, ಯಾರಿಗೂ ಗುಮಾನಿ ಬರಲಿಲ್ಲ. ಚಳಿಗಾಲದಲ್ಲಿ ಏಸಿ ಯಾರು ಹಾಕುತ್ತಾರೆ? ಮಾರ್ಚ್ ಬಂದಾಗ ಎಮ್ಮೆ ಮರೆತುಹೋಗಿತ್ತು. ಹೆದ್ದಾರಿಯಲ್ಲಿ ಎದುರುಗಾಳಿ ಆ ಉಲ್ಟಾ ಫ್ಯಾನನ್ನು ಸೋಲಿಸುತ್ತಿತ್ತು, ಗೇಟಿನಲ್ಲಿ ಫ್ಯಾನೇ ಗೆಲ್ಲುತ್ತಿತ್ತು.

ಎರಡು ತಂತಿ ಬಿಡಿಸಿ, ಅದಲುಬದಲು ಮಾಡಿ, ಬೆಸುಗೆ ಹಾಕಿ, ಮೇಲೆ ತೊಗಲಿನಂಥ ಪೈಪು ಏರಿಸಲು ಹುಡುಗನಿಗೆ ಹತ್ತು ನಿಮಿಷ ಹಿಡಿಯಿತು. ಹಾಳೆ ಗ್ರಿಲ್ಲಿಗೆ ಪಟ್ಟನೆ ಅಂಟಿತು. ನಾನು ಹೊರಡಲು ಸಿದ್ಧನಾದೆ.

“ಕೂಡ್ರಿ ಸರ. ಅರ್ಧ ಆಗ್ಯದ.”

ಉಳಿದರ್ಧ ಗ್ಯಾಸಿನದು. ಫ್ಯಾನು ಸರಿಯಾದ ಮೇಲೂ ಕೆಂಪು ಮುಳ್ಳು ಇರಬೇಕಾದ್ದಕ್ಕಿಂತ ಮೇಲೆಯೇ ನಿಂತಿತ್ತು. ಖಾಲಿಯಾಗದ ಹೊಟ್ಟೆಗೆ ಎರಡು ಸಲ ಊಟ ಬಡಿಸಿದ್ದರಲ್ಲ! ಹೆಚ್ಚಾದ ದ್ರವ ಕಂಡೆನ್ಸರಿನ ಕೊಳವೆಗಳಲ್ಲೇ ತುಂಬಿ ನಿಂತು ಶಾಖ ಇಳಿಸಲು ಜಾಗ ಉಳಿಸುವುದಿಲ್ಲ. ಅದನ್ನೆಲ್ಲ ಹೊರತೆಗೆದು, ತೂಕ ಮಾಡಿ ಮತ್ತೆ ಹಾಕಬೇಕು. ಬಹಳ ಕಡೆ ಇದಕ್ಕಿರುವ ಉಪಾಯ ಸುಲಭ: ಪೈಪು ಸಡಿಲಿಸಿದರೆ ಸುಸ್ಸೆಂದು ಆಕಾಶಕ್ಕೆ. ಹೀಗೆ ಹೋಗುವ ಆರ್ 134ಎ ಎಂಬ ಈ ಗ್ಯಾಸು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಗಟ್ಟಿ. ಅರ್ಧ ಕಿಲೋ ಬಿಟ್ಟರೆ ಸುಮಾರು 300 ಲೀಟರ್ ಪೆಟ್ರೋಲು ಸುಟ್ಟ ಹಾಗೆ. ಇದಕ್ಕಿಂತ ಹಿಂದಿನ ಆರ್ 12 ಓಜೋನ್ ಪದರವನ್ನೇ ತಿನ್ನುತ್ತಿತ್ತೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಮನೆಗೆ ಕಳಿಸಿತು. ಅದರ ಜಾಗಕ್ಕೆ ಬಂದ ಇದನ್ನೂ ತಗ್ಗಿಸಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ದೇಶಗಳು ಒಪ್ಪಿವೆ. ಉಸ್ತಾದರ ಬಳಿ ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬುವ ಯಂತ್ರವಿತ್ತು. ಕಾರಣ ಕೇಳಿದರೆ ಓಜೋನು, ಕಿಗಾಲಿ ಯಾವುದನ್ನೂ ಹೇಳಲಿಲ್ಲ. “ರೊಕ್ಕ ಕೊಟ್ಟ ಮಾಲು, ಗಾಳಿಗ್ಯಾಕ ಬಿಡ್ಬೇಕ್ರಿ?” ಎಂದರು. ತಕ್ಕಡಿಯ ಮೇಲೆ ನನ್ನ ಕಾರಿನ ಹೊಟ್ಟೆಯಿಂದ ಬಂದದ್ದು 640 ಗ್ರಾಂ. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಕಾರ್ಖಾನೆಯವರೇ ಅಚ್ಚು ಹಾಕಿದ ಅಳತೆ 460.

ಫ್ರಿಜ್ಜಿನ ಹಳೆಯ ಮೋಟಾರು ಗುಂಯ್‌ಗುಡುತ್ತಾ ವ್ಯಾಕ್ಯೂಮ್ ಎಳೆಯತೊಡಗಿತು. ಅರ್ಧ ಗಂಟೆಯ ಕೆಲಸ. ಪಕ್ಕದಲ್ಲಿ ದಾಲ್‌ಮಿಲ್ಲಿನ ಒಡೆಯರೊಬ್ಬರ ಬಿಳಿ ಗಾಡಿಯ ಡ್ಯಾಶ್‌ಬೋರ್ಡು ಬಿಚ್ಚಿ ಬಿದ್ದಿತ್ತು. ಅದರ ದೂರು ಗಾಳಿಯೇ ಬರುವುದಿಲ್ಲ, ಬಂದರೆ ವಾಸನೆ ಬರುತ್ತದೆ ಎಂದು. ಅಲ್ಲೂ ಯಾರೋ ಗ್ಯಾಸ್ ಎಂದಿದ್ದರಂತೆ. ಹುಡುಗ ಬ್ಲೋವರಿನ ಡಬ್ಬಿಗೆ ಕೈಹಾಕಿ ಒಂದೊಂದಾಗಿ ತೆಗೆದ: ಒಂದು ಹಿಡಿ ತೊಗರಿ ಹೊಟ್ಟು, ಸೀಟಿನ ಸ್ಪಂಜು, ಕಿರಾಣಿ ಅಂಗಡಿಯ ರಸೀದಿ, ಅರ್ಧ ಕಡಿದ ಒಂದು ವೈರು. ಕೊನೆಗೆ ಬೆಚ್ಚನೆಯ ದುಂಡು ಗೂಡು. ಇಲಿ ಇರಲಿಲ್ಲ, ಹೊಟ್ಟಿನ ನಡುವೆ ಇಡೀ ತೊಗರಿ ಕಾಳುಗಳನ್ನು ಮಾತ್ರ ಆರಿಸಿ ಒಂದು ಕಡೆ ಜೋಡಿಸಿಟ್ಟು ಹೋಗಿತ್ತು. “ಮಿಲ್ಲಿನಾಗೂ ಇಷ್ಟು ಬರಾಬರ್ ಆರ್ಸಂಗಿಲ್ಲ,” ಎಂದು ಒಡೆಯರೇ ನಕ್ಕರು. ಕಲಬುರಗಿ ತೊಗರಿಗೆ ಭೌಗೋಳಿಕ ಮಾನ್ಯತೆ ಸಿಕ್ಕಿರುವ ಸುದ್ದಿ ಆ ಇಲಿಗೂ ಮುಟ್ಟಿರಬೇಕು.

ರಸ್ತೆಯಾಚೆ ಸಿಮೆಂಟಿನ ಲಾರಿಯೊಂದು ನಿಂತಿತು. ಡ್ರೈವರು ಇಳಿದು ಬಂದು, ಕೇಳದೆಯೇ ಉಸ್ತಾದರ ಮಡಕೆಯಿಂದ ಮೂರು ಲೋಟ ನೀರು ಕುಡಿದ. ಕೊರಳಿನ ಒದ್ದೆ ಟವೆಲು ಆಗಲೇ ಒಣಗಿ ಗರಿಗರಿಯಾಗಿತ್ತು. ಅದನ್ನು ಬಕೆಟ್ಟಿನಲ್ಲಿ ಅದ್ದಿ ಮತ್ತೆ ಹೊದ್ದುಕೊಂಡ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಇರಲೇಬೇಕೆಂದು ಕೇಂದ್ರ ಸರ್ಕಾರ ಕಾನೂನು ಮಾಡಿದೆಯಲ್ಲ ಎಂದೆ. “ಹೊಸಾ ಗಾಡಿಗ್ರೀ ಅದು,” ಎಂದು ತನ್ನ ಲಾರಿಯತ್ತ ಗದ್ದ ತೋರಿಸಿದ. ಅದರ ಕಿಟಕಿಗೆ ಗಾಜಿನ ಬದಲು ಬೇವಿನ ಟೊಂಗೆ ಸಿಕ್ಕಿಸಿತ್ತು. ನನ್ನ ಗಾಡಿಯ ಪೈಪುಗಳನ್ನೂ ಮುಳ್ಳುಗಳನ್ನೂ ಅವನು ತುಸು ಹೊತ್ತು ನೋಡುತ್ತಾ ನಿಂತ. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಪೆಂಗ್ವಿನ್ನನ್ನು ನೋಡಿದೆ.

ನೀಲಿ ಮುಳ್ಳು ಸೊನ್ನೆಗಿಂತ ಕೆಳಗೆ, ಕೊನೆಯವರೆಗೆ ಇಳಿದಿತ್ತು. ಒತ್ತಡ ಇಷ್ಟು ಇಳಿದರೆ ಒಳಗಿನ ತೇವ ಒಲೆಯಿಲ್ಲದೆಯೇ ಕುದಿದು ಆವಿಯಾಗಿ ಹೊರಬೀಳುತ್ತದೆ. ಈ ಊರಿನ ಬಿಸಿಲು ಅನುಕೂಲವಾಗುವ ಕೆಲಸ ಇದೊಂದೇ ಇರಬೇಕು. ತೇವ ಉಳಿದರೆ ಅದು ಗ್ಯಾಸಿನ ಜೊತೆ ಸೇರಿ ಹುಳಿಯಾಗಿ ಒಳಗಿನಿಂದ ಲೋಹ ತಿನ್ನುತ್ತದೆ. ಮೋಟಾರು ನಿಲ್ಲಿಸಿ ಉಸ್ತಾದ್ ಹದಿನೈದು ನಿಮಿಷ ಆ ಮುಳ್ಳನ್ನೇ ಕಾದರು. ಎಲ್ಲಾದರೂ ತೂತಿದ್ದರೆ ಗಾಳಿ ನುಗ್ಗಿ ಅದು ಏಳಬೇಕು. ಕೂದಲೆಳೆಯಷ್ಟೂ ಏಳಲಿಲ್ಲ. ಈ ಗಾಡಿಯಿಂದ ಗ್ಯಾಸು ಹೋಗಿರಲೇ ಇಲ್ಲ.

ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು, ಅಂಕಿ 460 ಇಳಿಯುವವರೆಗೆ ಒಳಬಿಟ್ಟರು. ಚಾಲೂ. ಟಕ್. ನೀಲಿ 38ಕ್ಕೆ ನಿಂತಿತು, ಕೆಂಪು 250ರಲ್ಲಿ. ಈ ಬಿಸಿಲಿಗೆ ಇದೇ ನಾಡಿ. ಅಡುಗೆಯವರು ಪಾಕಕ್ಕೆ ಇಡುವಂಥ ಕಡ್ಡಿ ಥರ್ಮಾಮೀಟರನ್ನು ಗಾಳಿಯ ಕಿಂಡಿಗೆ ಸಿಕ್ಕಿಸಿದರು. ಅಂಕಿ ಮೂವತ್ತರಿಂದ ನಿಧಾನಕ್ಕೆ ಇಳಿಯುತ್ತಾ 12ಕ್ಕೆ ಬಂದು ಕೂತಿತು. ಕ್ಲಚ್ಚು ಬಿಡಲಿಲ್ಲ.

ಹಣ ಕೇಳುವಾಗ ಉಸ್ತಾದ್ ತಂತಿಯ ಕೆಲಸಕ್ಕೆ ಹಿಡಿಯಲಿಲ್ಲ, ಗ್ಯಾಸು ತೆಗೆದು ಹಾಕಿದ ಮಜೂರಿ ಮಾತ್ರ ಹೇಳಿದರು. ಹೆಚ್ಚಾಗಿ ಉಳಿದ 180 ಗ್ರಾಂ ನನ್ನದೇ ಮಾಲೆಂದು ಅದರ ಬೆಲೆಯನ್ನೂ ಮುರಿದುಕೊಂಡರು. ಬಾನೆಟ್ ಮುಚ್ಚುವ ಮೊದಲು ಹುಡುಗ ಬಿಳಿ ಪೇಂಟಿನ ಡಬ್ಬಿ ತಂದು, ಫ್ಯಾನಿನ ಕವಚದ ಮೇಲೆ ಅದು ತಿರುಗಬೇಕಾದ ದಿಕ್ಕಿಗೆ ಒಂದು ಬಾಣ ಬರೆದ.

ಐದೂವರೆಯ ಹೊತ್ತಿಗೆ ರೈಲ್ವೆ ಗೇಟಿಗೆ ಬಂದೆ. ಬಿದ್ದಿತ್ತು, ಬೀಳದೆ ಇರುತ್ತದೆಯೇ. ಮುಂದೆ ಎರಡು ಟಂಟಂ, ಪಕ್ಕದಲ್ಲಿ ಒಂದು ಟ್ಯಾಕ್ಸಿ, ಅದರ ನಾಲ್ಕೂ ಕಿಟಕಿ ಇಳಿಸಿತ್ತು. ಗೂಡ್ಸು ಬಂತು. ಡಬ್ಬಿಗಳನ್ನು ಎಣಿಸುತ್ತಾ ಕೂತೆ. ಐವತ್ತು ದಾಟಿದ ಮೇಲೂ ಕೈಗೆ ಬೀಳುತ್ತಿದ್ದ ಗಾಳಿ ತಣ್ಣಗಿತ್ತು. ಟ್ಯಾಕ್ಸಿಯವನು ನನ್ನ ಏರಿಸಿದ ಗಾಜನ್ನೇ ನೋಡುತ್ತಿದ್ದ. ಕೈಸನ್ನೆ ಮಾಡಿದ. ಗಾಜು ಇಳಿಸಿದೆ.

“ಗ್ಯಾಸ್ ಹಾಕ್ಸಿದ್ರೇನ್ರಿ ಸರ?”

“ಇಲ್ರಿ,” ಎಂದೆ, “ತೆಗಿಸೀನಿ.”